ಪಟ್ಟಿಯಲ್ಲಿ ಇಲ್ಲದ ಅಜ್ಜಿ



ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಪಾಸ್ಖ ಕಾಲದ ಬಲಿಪೂಜೆಯಲ್ಲಿ ನೀವು ಕೇಳಿದ್ದೀರಿ. ಜೆರುಸಲೇಮಿನ ಆದಿ ಕ್ರೈಸ್ತರ ನಡುವೆ ಒಂದು ಗೊಣಗಾಟ ಏಳುತ್ತದೆ. ದಿನವೂ ನಡೆಯುತ್ತಿದ್ದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರಿಗೆ ಪಾಲು ತಪ್ಪಿಹೋಗುತ್ತಿದೆ ಎಂಬುದು ದೂರು. ಪ್ರೇಷಿತರು ಸಭೆ ಕರೆಯುತ್ತಾರೆ, ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ನೇಮಿಸುತ್ತಾರೆ. ನಾವು ಗುರುಗಳು ಈ ವಾಚನದ ಮೇಲೆ ಪ್ರಬೋಧನೆ ಮಾಡುವಾಗ ಸಾಮಾನ್ಯವಾಗಿ ಎರಡು ಮಾತಿನಲ್ಲಿ ವಿಧವೆಯರನ್ನು ಮುಗಿಸಿ, ಸಂತ ಸ್ತೇಫನರ ರಕ್ತಸಾಕ್ಷ್ಯದ ಕಡೆಗೆ ಓಡುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಓಡಿದವನು. ಆ ವಿಧವೆಯರ ಬಳಿ ನನ್ನನ್ನು ನಿಲ್ಲಿಸಿದ್ದು ದೇವಶಾಸ್ತ್ರದ ಗ್ರಂಥವಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಒಬ್ಬ ಅಜ್ಜಿ.

2020ರ ಮೇ ತಿಂಗಳನ್ನು ನಮ್ಮ ಮಂಡ್ಯ ಜಿಲ್ಲೆಯವರು ಮರೆಯಲಾರರು. ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಂದ ಮುಂಬಯಿಗೆ ದುಡಿಯಲು ಹೋದವರು ಎಷ್ಟು ಮಂದಿ ಎಂಬುದು ಹೊರಗಿನವರಿಗೆ ಗೊತ್ತಾದದ್ದೇ ಆಗ. ಹೋಟೆಲುಗಳಲ್ಲಿ, ಆಟೋಗಳಲ್ಲಿ, ಸಣ್ಣಪುಟ್ಟ ಕೆಲಸಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಅಲ್ಲಿ ಬದುಕಿದವರು, ಮಾರ್ಚ್ 25ರ ಲಾಕ್‌ಡೌನಿನಲ್ಲಿ ಕೂಲಿ ನಿಂತು ಕೈ ಬರಿದಾದ ಮೇಲೆ, ಮೇ ತಿಂಗಳಲ್ಲಿ ಬಸ್ಸು, ಲಾರಿ, ಸಿಕ್ಕಸಿಕ್ಕ ವಾಹನ ಹಿಡಿದು ಊರಿಗೆ ಬಂದರು. ಅವರನ್ನು ಹಾಸ್ಟೆಲುಗಳಲ್ಲಿ, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಸೋಂಕಿನ ಸಂಖ್ಯೆ ಏರಿತು. ಹಬ್ಬಕ್ಕೆ ಬಂದಾಗ ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಊರು ಈಗ ಬಾಗಿಲು ಮುಚ್ಚಿಕೊಂಡಿತು. ಭಯದ ಕಾಲ, ಯಾರನ್ನೂ ದೂರುವುದಿಲ್ಲ.

ಆಗ ನಾನು ಆ ಕಡೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ದಾನಿಗಳ ನೆರವಿನಿಂದ ಅರವತ್ತು ಕಿಟ್ ಸಿದ್ಧಮಾಡಿದೆವು. ಹತ್ತು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಎಣ್ಣೆ, ಉಪ್ಪು, ಸೋಪು. ಜಾತಿ ಮತ ನೋಡದೆ ಕೊಡಬೇಕೆಂದು ಗಟ್ಟಿಯಾಗಿ ಹೇಳಿದ್ದೆ. ಗದ್ದಲವಾಗಬಾರದೆಂದು ಒಂದು ಪಟ್ಟಿಯನ್ನೂ ಮಾಡಿಸಿದ್ದೆ. ಪಟ್ಟಿ ಮಾಡಿದ ಹುಡುಗರು ಜಾಣರು. ಹಳ್ಳಿಯ ಪಡಿತರ ಚೀಟಿಗಳನ್ನು ನೋಡಿ ಬಡವರ ಹೆಸರು ಬರೆದುಕೊಂಡು ಬಂದಿದ್ದರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಒಬ್ಬ ಅಜ್ಜಿ ಬಂದು ನಿಂತರು. ಹೆಸರು ಕೇಳಿದರು, ಪಟ್ಟಿಯಲ್ಲಿ ಇಲ್ಲ. ಹುಡುಗ ನನ್ನ ಮುಖ ನೋಡಿದ. ನಾನು, ನಾಚಿಕೆಯಿಂದಲೇ ಬರೆಯುತ್ತೇನೆ, "ಮುಂದಿನ ಸಲ ನೋಡೋಣ ಅಜ್ಜಿ" ಎಂದೆ.

ಅಜ್ಜಿ ಜಗಳವಾಡಲಿಲ್ಲ. ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದರು: "ಸೊಸೈಟಿಯಾಗೂ ಇಲ್ಲ ಅಂದ್ರು. ಬೊಂಬಾಯ್ನಾಗೂ ಇಲ್ಲ ಅಂದ್ರು. ಈಗ ನೀವೂ ಇಲ್ಲ ಅಂತೀರಿ. ಹಂಗಾದ್ರೆ ನಾನು ಎಲ್ಲಿವ್ನಿ ಸ್ವಾಮ್ಯೋರೇ?"

ಕಿಟ್ ಕೊಟ್ಟೆವು, ಬಿಡಿ. ಒಂದು ಕಿಟ್ ಹೆಚ್ಚೇ ಇತ್ತು. ಆದರೆ ಅಂದು ರಾತ್ರಿ ಊಟ ಸೇರಲಿಲ್ಲ. ಆ ಹೆಂಗಸಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಾರನೆಯ ದಿನ ವಿಚಾರಿಸಿದೆ. ಗಂಡ ತೀರಿದ ಮೇಲೆ ಅವರು ಕಿರಿಯ ಮಗನ ಮಕ್ಕಳನ್ನು ನೋಡಿಕೊಳ್ಳಲು ಮುಂಬಯಿಗೆ ಹೋಗಿದ್ದರು. ಇತ್ತ ಹಿರಿಯ ಮಗ ಕಾರ್ಡ್ ಬೇರೆ ಮಾಡಿಸಿಕೊಳ್ಳುವಾಗ, ಊರಲ್ಲಿಲ್ಲ ಎಂದು ತಾಯಿಯ ಹೆಸರು ಬಿಟ್ಟುಹೋಯಿತು. ಅಲ್ಲಿ ಕಿರಿಯ ಮಗನಿಗೆ ಕಾರ್ಡೇ ಇರಲಿಲ್ಲ. ಯಾರೂ ದುಷ್ಟರಲ್ಲ. ಎರಡು ಊರು, ಇಬ್ಬರು ಮಕ್ಕಳು, ನಡುವೆ ಒಬ್ಬ ತಾಯಿ ಕಾಗದದ ಮೇಲಿನಿಂದ ಜಾರಿಬಿದ್ದಿದ್ದರು. ನಮ್ಮ ಪಟ್ಟಿ ಆ ಕಾಗದದ ನಕಲು. ಸರ್ಕಾರ ಬಿಟ್ಟವರನ್ನೇ ಧರ್ಮಸಭೆಯೂ ಬಿಟ್ಟಿತು.

ಈಗ ಮತ್ತೆ ಜೆರುಸಲೇಮಿನ ವಿಧವೆಯರ ಹತ್ತಿರ ಬನ್ನಿ. ಆ ಗ್ರೀಕ್ ಮಾತಿನ ಹೆಂಗಸರು ಯಾರು? ಬೈಬಲ್ ವಿದ್ವಾಂಸರ ವಿವರಣೆ ಹೀಗಿದೆ: ಅವರೂ ಯೆಹೂದ್ಯರೇ. ದೂರ ದೇಶಗಳಿಗೆ ಹೋಗಿ ನೆಲೆಸಿದ್ದ ಕುಟುಂಬಗಳವರು, ಮುಪ್ಪಿನಲ್ಲಿ ಪವಿತ್ರ ನಗರದ ಮಣ್ಣಿನಲ್ಲಿ ಕಣ್ಣುಮುಚ್ಚಬೇಕೆಂದು ಮರಳಿ ಬಂದವರು ಅವರಲ್ಲಿ ಹಲವರು. ಗಂಡ ತೀರಿದ, ಬಂಧುಬಳಗ ಹತ್ತಿರವಿಲ್ಲ, ಸ್ಥಳೀಯರ ಮಾತು ಬಾಯಿಗೆ ಹೊಂದುವುದಿಲ್ಲ. ಹಂಚುವವರಿಗೆ ಅವರ ಮುಖಪರಿಚಯವಿಲ್ಲ. ಹೊರಗಿನಿಂದ ಮರಳಿ ಬಂದವರು! ಇದನ್ನು ಗುರುಮಠದ ತರಗತಿಯಲ್ಲಿ ನಾನು ಬರೆದುಕೊಂಡೂ ಇದ್ದೆ. ಪರೀಕ್ಷೆಯಲ್ಲಿ ಅಂಕವೂ ಬಂತು. ಮುಂಬಯಿಯಿಂದ ಮರಳಿ ಬಂದ ಅಜ್ಜಿ ಕಣ್ಣೆದುರು ನಿಂತಾಗ ಮಾತ್ರ ಆ ಟಿಪ್ಪಣಿ ನೆನಪಾಗಲಿಲ್ಲ.

ಜೆರುಸಲೇಮಿನಲ್ಲಿ ರೊಟ್ಟಿಗೆ ಕೊರತೆಯಿತ್ತೆಂದು ಲೂಕರು ಇಲ್ಲಿ ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಹೊಲ ಮನೆ ಮಾರಿದ ಹಣವನ್ನು ವಿಶ್ವಾಸಿಗಳು ಪ್ರೇಷಿತರ ಪಾದದ ಬಳಿ ತಂದಿಡುತ್ತಿದ್ದರು. ಹಂಚಿಕೆಯೂ ದಿನವೂ ನಡೆಯುತ್ತಿತ್ತು. ಒಳ್ಳೆಯ ಮನಸ್ಸು, ಬೇಕಾದಷ್ಟು ಧಾನ್ಯ, ಪ್ರಾರ್ಥನೆ ಎಲ್ಲವೂ ಇದ್ದ ಕಡೆಯಲ್ಲೇ ಕೆಲವರು ಹಸಿದುಕೊಂಡಿದ್ದರು. ಪ್ರೇಷಿತರು ಆಗ ಇನ್ನಷ್ಟು ದಾನ ಕೇಳಲಿಲ್ಲ. ಹಂಚುವ ವ್ಯವಸ್ಥೆಯನ್ನೇ ಬದಲಾಯಿಸಿದರು. ಆರಿಸಿದ ಏಳು ಮಂದಿಯ ಹೆಸರು ಓದಿ ನೋಡಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೋಲಾಸ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಕೊಟ್ಟರು! ನಮ್ಮ ಧರ್ಮಕೇಂದ್ರಗಳ ಸಮಿತಿಗಳಲ್ಲಿ ದೂರು ಹೇಳಿದವನನ್ನು ಮುಂದಿನ ಸಲ ಸಭೆಗೆ ಕರೆಯುವುದೇ ಕಷ್ಟ.

"ವಾಕ್ಯದ ಸೇವೆ ಬಿಟ್ಟು ಪಂಕ್ತಿಯ ಉಪಚಾರಕ್ಕೆ ನಿಲ್ಲುವುದು ನಮ್ಮ ಕೆಲಸವಲ್ಲ ಎಂದು ಪ್ರೇಷಿತರೇ ಅಂದರಲ್ಲ ಫಾದರ್?" ಎಂದು ಒಬ್ಬ ಗುರುಮಿತ್ರರು ನನ್ನನ್ನು ಕೇಳಿದರು. ಹೌದು, ಅಂದರು. ಆದರೆ ಆ ಪಂಕ್ತಿಗೆ ಬಡಿಸಲು ನೇಮಕವಾದ ಸ್ತೇಫನರೇ ಮುಂದಿನ ಅಧ್ಯಾಯದಲ್ಲಿ ಇಡೀ ಗ್ರಂಥದ ಅತಿ ದೀರ್ಘ ಪ್ರಬೋಧನೆ ಮಾಡುತ್ತಾರೆ. ಬಡಿಸುವ ಕೈಗೂ ಬೋಧಿಸುವ ಬಾಯಿಗೂ ನಡುವೆ ಗೋಡೆ ಕಟ್ಟಿದವರು ನಾವು, ಪವಿತ್ರಾತ್ಮರಲ್ಲ.

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತೆಂದೇ ಹೇಳಬೇಕು. ಅನ್ನ ಎಲ್ಲಿಂದ ಬರುತ್ತದೆ, ಯಾರ ಕೈ ದಾಟಿ ಬರುತ್ತದೆ, ಯಾವ ಬಾಗಿಲಲ್ಲಿ ನಿಂತುಹೋಗುತ್ತದೆ ಎಂದು ತಿಳಿಯುವ ಹುಚ್ಚು. ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರ ವಿತರಣಾ ನ್ಯಾಯದ ಮೇಲೆ ಪುಟಗಟ್ಟಲೆ ಬರೆದಿದ್ದೆ. ನಮ್ಮ ಬೀದಿಯಲ್ಲಿ ಕೋರ್ಟನ್ನು ಬಿಟ್ಟರೆ ಬೋರ್ಡಿನ ಮೇಲೆ ನ್ಯಾಯ ಎಂಬ ಪದ ಬರೆದುಕೊಂಡಿರುವುದು ನ್ಯಾಯಬೆಲೆ ಅಂಗಡಿ ಒಂದೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಲವತ್ತು ದಾಟಿದ ಮೇಲೆ, ಆಹಾರ ಭದ್ರತಾ ಕಾಯಿದೆಯನ್ನು ಧ್ಯಾನಗ್ರಂಥದಂತೆ ಅಡಿಗೆರೆ ಹಾಕಿಕೊಂಡು ಓದಿದೆ. ಮನೆಯ ಅಡುಗೆಯವರು, "ಫಾದರ್ ಪರೀಕ್ಷೆ ಕಟ್ಟಿದ್ದಾರೆ" ಎಂದು ಊರಿಗೆಲ್ಲ ಹೇಳಿದರು.

ಓದುತ್ತಾ ಹೋದಂತೆ ನಮ್ಮ ನೆಲದ ಕಥೆಯೇ ತೆರೆದುಕೊಂಡಿತು. ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ 1876-78ರ ಕ್ಷಾಮವನ್ನು ನೀವು ಕೇಳಿರಬಹುದು. ಆ ಎರಡು ಸಂವತ್ಸರಗಳ ಹೆಸರೇ ಭಯದ ಹೆಸರಾಗಿ ಉಳಿಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಹೋದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿದ್ದುದೂ ನಿಜ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಎಂದು ಗೊತ್ತುಮಾಡಿದ. ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ, ಜೊತೆಗೆ ಒಂದಿಷ್ಟು ಬಿಡಿಕಾಸು. ಅದು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದ. ಒಂದು ಹಾಳೆಯ ಮೇಲೆ ಬರೆದ ಒಂದು ಅಂಕೆ! ಅದರ ಮೇಲೆ ಎಷ್ಟೋ ಪ್ರಾಣಗಳು ನಿಂತಿದ್ದವು. ಅಂದು ಅನಾಥರಾದ ಮಕ್ಕಳನ್ನು ನಮ್ಮ ಮಿಷನರಿಗಳು ಎತ್ತಿ ಸಾಕಿದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆ ಅಂಕೆಯ ಬಗ್ಗೆ ಮಾತ್ರ ನಮ್ಮ ಪ್ರಬೋಧನೆಗಳಲ್ಲಿ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

1943ರ ಬಂಗಾಳದ ಕ್ಷಾಮವನ್ನು ಶಾಂತಿನಿಕೇತನದಲ್ಲಿ ಬಾಲಕನಾಗಿ ಕಣ್ಣಾರೆ ಕಂಡ ಅಮರ್ತ್ಯ ಸೇನ್ ಅವರು, 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಧಾನ್ಯ ನಾಡಿನಲ್ಲಿ ಇದ್ದಾಗಲೂ, ಅದನ್ನು ಪಡೆಯುವ ಹಕ್ಕೂ ಕಾಸೂ ಇಲ್ಲದವರು ಸಾಯುತ್ತಾರೆ. ನಮ್ಮ ಕಾಲಕ್ಕೇ ಬನ್ನಿ. 2001ರಲ್ಲಿ ದೇಶದ ಸರ್ಕಾರಿ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಮಿಕ್ಕಿ ಧಾನ್ಯ ತುಂಬಿತ್ತು. ರಾಜಸ್ಥಾನದ ಬರದ ಹಳ್ಳಿಗಳಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಒಂದು ಸಂಘಟನೆ, ಪಿಯುಸಿಎಲ್, ಸುಪ್ರೀಂ ಕೋರ್ಟಿಗೆ ಹೋಯಿತು. ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿ ಅಡುಗೆ ಬಡಿಸಬೇಕೆಂದು ನ್ಯಾಯಾಲಯ 2001ರ ನವೆಂಬರ್ 28ರಂದು ಆದೇಶಿಸಿತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಇತ್ತ ಕಡೆಗೂ ಬಂತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಅದೇ ನ್ಯಾಯಾಲಯ ಹೇಳಿತು. ನಮ್ಮ ಕಡೆ ಪಂಕ್ತಿಭೇದ ಎಂಬ ಮಾತಿದೆಯಲ್ಲ, ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸುವ ಪಾಪ. ಕೊರಿಂಥದ ಸಭೆಯಲ್ಲಿ ಪ್ರಭುವಿನ ಭೋಜನಕ್ಕೆ ಕೂತಾಗ ಉಳ್ಳವರು ಮೊದಲೇ ತಿಂದು ಮುಗಿಸಿ, ಇಲ್ಲದವರು ಹಸಿದು ನೋಡುತ್ತಿದ್ದಾರೆಂದು ಸಂತ ಪೌಲರು ಸಿಡಿದೆದ್ದದ್ದೂ ಇದೇ ಪಂಕ್ತಿಭೇದಕ್ಕೆ. ಪರಮಪ್ರಸಾದದ ಬಗ್ಗೆ ಅವರು ಬರೆದ ಅತ್ಯಮೂಲ್ಯ ಮಾತುಗಳು ಬಂದದ್ದು ಆ ಊಟದ ಜಗಳದ ನಡುವೆ.

ಇಷ್ಟರಲ್ಲೇ ಯಾರಾದರೂ, "ನಮ್ಮದು ಸಕ್ಕರೆ ನಾಡು, ಇಲ್ಲಿ ಹಸಿವೆಲ್ಲಿ?" ಎನ್ನಬಹುದು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಹೇಮಾವತಿಯ ನೀರು, ಭತ್ತ ಕಬ್ಬಿನ ಗದ್ದೆಗಳು, ಎಲ್ಲವೂ ಇವೆ. ಅಕ್ಕಿಹೆಬ್ಬಾಳು ಎಂದು ಊರಿಗೇ ಅಕ್ಕಿಯ ಹೆಸರಿದೆ. ನಾಲೆಯ ನೀರು ಏರದ ಒಣ ಭೂಮಿಯೂ ಇದೆ. ಅಲ್ಲಿಯ ಅನ್ನ ರಾಗಿ, ಹುರುಳಿ, ಅವರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು, ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಎಷ್ಟು ಮನೆಗಳ ಮಡಕೆ ತುಂಬಿಸಿದರೋ! ನನ್ನ ಮಟ್ಟಿಗೆ ಅದೂ ಒಂದು ಪ್ರೇಷಿತಕಾರ್ಯವೇ. 2013ರ ಕಾಯಿದೆಯಲ್ಲಿ ರಾಗಿಗೆ ಬಳಸಿದ ಹೆಸರು ಒರಟು ಧಾನ್ಯ. ಮುದ್ದೆ ತಿಂದು ಬೆಳೆದ ನನಗೆ ಆ ಪದ ಓದಿ ಸ್ವಲ್ಪ ಕೋಪವೇ ಬಂತು. 2018ರಲ್ಲಿ ಸರ್ಕಾರವೇ ಅದನ್ನು ಪೌಷ್ಟಿಕ ಧಾನ್ಯವೆಂದು ಕರೆಯಿತು, 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೂ ಆಯಿತು. ಒಳ್ಳೆಯದೇ.

ಆ ಕಾಯಿದೆಯಲ್ಲಿ ನಮಗೆ ಬೇಕಾದ ಕೆಲವು ಸಂಗತಿಗಳಿವೆ, ಕೇಳಿ. ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಹಕ್ಕು. ಇದು ಯಾರೂ ಕೊಡುವ ಭಿಕ್ಷೆಯಲ್ಲ. ರಾಜ್ಯದ ಅನ್ನಭಾಗ್ಯ 2013ರ ಜುಲೈನಿಂದ ಇದರ ಜೊತೆಗೆ ಸೇರಿದೆ. ಪಡಿತರ ಚೀಟಿಗೆ ಸಂಬಂಧಿಸಿದಂತೆ ಮನೆಯ ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. ಐದು ಸಾವಿರ ಮಂದಿಗೆ ಯೇಸುಸ್ವಾಮಿ ಊಟವಿತ್ತಾಗ ಹೆಂಗಸರು ಮಕ್ಕಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದು ಸಂತ ಮತ್ತಾಯರು ಬರೆದಿದ್ದಾರೆ. ಈ ವಿಷಯದಲ್ಲಿ ಕಾಯಿದೆ ನಮಗಿಂತ ಮುಂದಿದೆ! ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲೂ ಜಾಗೃತ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿರ್ಗತಿಕರಿಗೆ ಅಥವಾ ಅಂಗವಿಕಲರಿಗೆ ಸ್ಥಾನ ಕೊಡಬೇಕು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಏಳು ಗ್ರೀಕ್ ಹೆಸರುಗಳು ಮತ್ತೆ ಕಣ್ಣಮುಂದೆ ಬಂದವು. ನಿಮ್ಮ ಊರಿನ ಜಾಗೃತ ಸಮಿತಿಯಲ್ಲಿ ಯಾರಿದ್ದಾರೆ, ಗೊತ್ತೇ? ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾಯಿದೆಯ ದೊಡ್ಡ ತೂತು ಎಲ್ಲಿದೆ ಎಂಬುದನ್ನೂ ಹೇಳಬೇಕು. ಗ್ರಾಮಾಂತರದಲ್ಲಿ ಶೇಕಡಾ 75, ಪಟ್ಟಣದಲ್ಲಿ ಶೇಕಡಾ 50ರವರೆಗೆ ಜನರಿಗೆ ಇದು ಸಲ್ಲಬೇಕು. ಆದರೆ ಎಷ್ಟು ತಲೆ ಎಂಬುದನ್ನು 2011ರ ಜನಗಣತಿಯಿಂದ ಲೆಕ್ಕಹಾಕಲಾಗಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಜನ ಹೆಚ್ಚಿದರು, ಪಟ್ಟಿಯ ಉದ್ದ ಹೆಚ್ಚಲಿಲ್ಲ. ಒಂದು ಹೊಸ ಹೆಸರು ಸೇರಬೇಕಾದರೆ ಎಷ್ಟೋ ಸಲ ಇನ್ನೊಂದು ಹೆಸರು ಖಾಲಿಯಾಗುವುದನ್ನು ಕಾಯಬೇಕು. ಅಗಸ್ಟಸ್ ಚಕ್ರವರ್ತಿಯ ಗಣತಿಗಾಗಿ ತುಂಬುಗರ್ಭಿಣಿ ಮಾತೆ ಮರಿಯಮ್ಮ ಬೆತ್ಲೆಹೇಮಿಗೆ ನಡೆದದ್ದನ್ನು ಪ್ರತಿ ಕ್ರಿಸ್ಮಸ್‌ನಲ್ಲೂ ಓದುತ್ತೇವೆ. ತಲೆ ಎಣಿಸುವುದು ಬರಿಯ ಗುಮಾಸ್ತರ ಕೆಲಸ ಎಂದು ಇನ್ನು ನಾನು ಹೇಳಲಾರೆ. ವಲಸೆ ಕಾರ್ಮಿಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು ತೀರ್ಪು ಕೊಟ್ಟಿತು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಎಲ್ಲ ರಾಜ್ಯಗಳೂ ಆ ವರ್ಷದ ಜುಲೈ 31ರೊಳಗೆ ಜಾರಿಗೆ ತರಬೇಕೆಂದಿತು. ಈಗ ಮುಂಬಯಿಯಲ್ಲಿರುವವರು ಅಲ್ಲಿಯ ಅಂಗಡಿಯಲ್ಲೇ ಊರಿನ ಕಾರ್ಡಿನ ಮೇಲೆ ಧಾನ್ಯ ಪಡೆಯಬಹುದು. ಕಾರ್ಡಿನಲ್ಲಿ ಹೆಸರಿದ್ದರೆ.

ಅಜ್ಜಿಯ ಹೆಸರು? ಒಂಬತ್ತು ತಿಂಗಳು ಹಿಡಿಯಿತು. ನಾನು ಕಚೇರಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಟ್ಟಿಲ್ಲ. ಒಮ್ಮೆ ಸರ್ವರ್ ಇರಲಿಲ್ಲ, ಒಮ್ಮೆ ಆಧಾರಿನ ವಿಳಾಸ ಮುಂಬಯಿಯದು, ಒಮ್ಮೆ ಹೊಸ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಬಿಳಿ ನಿಲುವಂಗಿಯವನಿಗೆ ಕುರ್ಚಿ ಕೊಟ್ಟರು, ಕಾಫಿಯನ್ನೂ ತರಿಸಿದರು. ಅಜ್ಜಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಮೂರನೆಯ ಸಲದಿಂದ ನಾನೂ ಮೆಟ್ಟಿಲ ಮೇಲೆಯೇ ಕೂತೆ. ಇದನ್ನು ನನ್ನ ದೊಡ್ಡತನಕ್ಕೆಂದು ಬರೆಯುತ್ತಿಲ್ಲ. ಅಲ್ಲಿ ಕೂತ ಮೇಲೆಯೇ ಉಳಿದವರ ಕಥೆಗಳು ಕಿವಿಗೆ ಬಿದ್ದವು. ಮದುವೆಯಾಗಿ ಬಂದ ಸೊಸೆ: ತವರಿನ ಕಾರ್ಡಿನಿಂದ ಹೆಸರು ತೆಗೆಸದೆ ಇಲ್ಲಿ ಸೇರಿಸುವುದಿಲ್ಲ, ಅಲ್ಲಿಗೆ ಹೋಗಿ ಬರಲು ಎರಡು ದಿನದ ಕೂಲಿ ಹೋಗುತ್ತದೆ. ಮೂರು ವರ್ಷ ದಾಟಿದರೂ ಕಾರ್ಡಿಗೆ ಸೇರದ ಮಗು. ಜೀವಮಾನವೆಲ್ಲ ಕಳೆ ಕಿತ್ತು ಬೆರಳಿನ ಗೆರೆ ಸವೆದುಹೋದ ಮುದುಕ: ಯಂತ್ರದ ಮೇಲೆ ಹೆಬ್ಬೆಟ್ಟು ಕೂರುವುದಿಲ್ಲ.

2021ರ ಫೆಬ್ರವರಿಯಲ್ಲಿ ಅಜ್ಜಿಯ ಹೆಸರು ಹಿರಿಯ ಮಗನ ಕಾರ್ಡಿಗೆ ಸೇರಿತು. ಮಗನೇ ಬಂದು ಹೇಳಿದ. ತಾಯಿಯ ಹೆಸರು ಬಿಟ್ಟುಹೋದದ್ದು ತನಗೆ ಗೊತ್ತೇ ಇರಲಿಲ್ಲ ಎಂದು ಅತ್ತ. ಅದನ್ನು ನಾನು ನಂಬುತ್ತೇನೆ. ಆದ್ದರಿಂದ ಈ ಪುಟ ಓದುತ್ತಿರುವ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು: ಇಂದು ಸಂಜೆ ಜಪಸರ ಮುಗಿದ ಮೇಲೆ ನಿಮ್ಮ ಮನೆಯ ಕಾರ್ಡನ್ನು ಒಮ್ಮೆ ತೆಗೆದು ಹೆಸರುಗಳನ್ನು ಗಟ್ಟಿಯಾಗಿ ಓದಿ. ಅವ್ವನ ಹೆಸರಿದೆಯೇ? ಹೊಸ ಮಗುವಿನದು? ದುಡಿಯಲು ಹೋದ ತಮ್ಮನದು?

ನಾನೀಗ ಬೇರೆ ಧರ್ಮಕೇಂದ್ರದಲ್ಲಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಬಲಿಪೂಜೆಯ ನಂತರ ದೇವಾಲಯದ ಜಗಲಿಯಲ್ಲಿ ಒಂದು ಮೇಜು ಹಾಕುತ್ತೇವೆ. ವಿನ್ಸೆಂಟ್ ದೆ ಪೌಲ್ ಸಭೆಯ ಇಬ್ಬರು, ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಹಿಂದೆ ತಾನೇ ಪಟ್ಟಿಯಿಂದ ಬಿಟ್ಟುಹೋಗಿದ್ದ ಒಬ್ಬ ಹೆಣ್ಣುಮಗಳು ಕೂರುತ್ತಾರೆ. ಅರ್ಜಿ ಬರೆದುಕೊಡುವುದರಲ್ಲಿ ಆಕೆಯ ಕೈ ಎಲ್ಲರಿಗಿಂತ ಚುರುಕು. ಯಾವ ಕಾಗದಕ್ಕೆ ಯಾರ ಸಹಿ ಬೇಕೆಂದು ನನಗೆ ಹೇಳಿಕೊಡುವವಳೂ ಆಕೆಯೇ. ಕಳೆದ ತಿಂಗಳು ಒಂಬತ್ತು ಮಂದಿ ಬಂದಿದ್ದರು. ಮೂವರು ನಮ್ಮ ಧರ್ಮಕೇಂದ್ರದವರು, ಆರು ಮಂದಿ ಸುತ್ತಲಿನ ಹಳ್ಳಿಯವರು. ನಾಲ್ವರ ಕೆಲಸ ಆಗಿದೆ. ಆ ಸವೆದ ಬೆರಳಿನಂಥದ್ದೇ ಇನ್ನೊಂದು ಪ್ರಕರಣ ಉಳಿದಿದೆ. ಸೋಮವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಮತ್ತೆ ತಾಲ್ಲೂಕು ಕಚೇರಿಗೆ ಹೋಗಬೇಕು.